ಮಧ್ಯಾಹ್ನದವರು

ಕಲ್ಲಿಗೂ ನೆನಪಿರುತ್ತದೆ ಎಂದು ಯಾರಾದರೂ ಸಭೆಯಲ್ಲಿ ಹೇಳಿದರೆ ಜನ ತಲೆದೂಗುತ್ತಾರೆ. ಅದನ್ನೇ ದುರ್ಗೇಶ ಮಾದರ ಸಮೀಕರಣ ಬರೆದು ತೋರಿಸಿದಾಗ ದೊಡ್ಡ ದೊಡ್ಡ ಸಂಸ್ಥೆಗಳ ದೊಡ್ಡ ದೊಡ್ಡ ಮನುಷ್ಯರು ಚಹಾ ಕುಡಿಸಿ ಕಳಿಸಿದ್ದರು. ಕೊನೆಗೆ ಅವನ ಯಂತ್ರಕ್ಕೆ ಜಾಗ ಸಿಕ್ಕಿದ್ದು ಭೂಮಧ್ಯ ಸಮುದ್ರದ ನಡುವೆ, ನಕ್ಷೆಯಲ್ಲಿ ನೊಣ ಕೂತಷ್ಟು ಕಾಣುವ ಗೋಝೋ ದ್ವೀಪದಲ್ಲಿ.

ಯಂತ್ರದ ತತ್ತ್ವ ಕಷ್ಟದ್ದೇನಲ್ಲ. ಆ ದ್ವೀಪದ ಜೇನುಬಣ್ಣದ ಸುಣ್ಣದಕಲ್ಲಿನ ಹರಳುಗಳಲ್ಲಿ ಕಣ್ಣಿಗೆ ಕಾಣದ ಕುಳಿಗಳಿವೆ. ನೆಲದೊಳಗಿಂದ ಸದಾ ಬರುವ ಮಂದ ವಿಕಿರಣ ಆ ಕುಳಿಗಳಲ್ಲಿ ಎಲೆಕ್ಟ್ರಾನುಗಳನ್ನು ತುಂಬುತ್ತದೆ, ಬಿಸಿಲು ಬಿದ್ದಾಗ ಅವು ಖಾಲಿಯಾಗುತ್ತವೆ. ಒಂದು ಜಾಗದಲ್ಲಿ ಯಾರೋ ದಿನವೂ ನಿಂತು ಬಿಸಿಲಿಗೆ ಅಡ್ಡವಾದರೆ, ಅವರ ನೆರಳು ಬಿದ್ದಲ್ಲಿ ಕುಳಿಗಳು ಉಳಿದೆಡೆಗಿಂತ ತುಸು ತುಂಬಿಯೇ ಇರುತ್ತವೆ. ಬಿಸಿಲಲ್ಲಿ ತಿರುಗುವವನ ಮಣಿಕಟ್ಟಿನಲ್ಲಿ ಗಡಿಯಾರದ ಪಟ್ಟಿಯ ಗುರುತು ಉಳಿಯುತ್ತದಲ್ಲ, ಹಾಗೆ. ದುರ್ಗೇಶನ ಯಂತ್ರ ಕಲ್ಲಿನ ಮೇಲೆ ಹಸಿರು ಬೆಳಕು ಹಾಯಿಸಿ, ಕುಳಿಗಳಿಂದ ಮರಳಿ ಬರುವ ಕ್ಷೀಣ ನೀಲಿ ಮಿನುಗನ್ನು ಎಣಿಸಿ, ಪರದೆಯ ಮೇಲೆ ನೆರಳಿನ ಆಕಾರ ಮೂಡಿಸುತ್ತಿತ್ತು. ನೆರಳು ಯಾವ ಕಡೆಗೆ, ಎಷ್ಟು ಉದ್ದ ಬಿದ್ದಿದೆ ಎಂಬುದರಿಂದ ಹೊತ್ತು ಯಾವುದೆಂದೂ ಗೊತ್ತಾಗುತ್ತಿತ್ತು.

ಅದಕ್ಕೊಂದು ಮಿತಿಯಿತ್ತು. ಒಮ್ಮೆ ಬಂದು ಹೋದವನ ನೆರಳು ಕಲ್ಲಿನಲ್ಲಿ ಉಳಿಯುವುದಿಲ್ಲ. ಅದೇ ಜಾಗಕ್ಕೆ ಅದೇ ಹೊತ್ತಿಗೆ ಮತ್ತೆ ಮತ್ತೆ ಬಂದವನದು ಮಾತ್ರ ಉಳಿಯುತ್ತದೆ. ನಮ್ಮ ಯಂತ್ರ ಘಟನೆಯನ್ನು ಓದುವುದಿಲ್ಲ, ರೂಢಿಯನ್ನು ಓದುತ್ತದೆ ಎಂದು ದುರ್ಗೇಶ ಹೇಳುತ್ತಿದ್ದ. ಅದನ್ನು ಕೇಳಿದವರಿಗೆ ಅದು ಯಂತ್ರದ ದೋಷವೆಂದೇ ಅನಿಸುತ್ತಿತ್ತು.

ಅವನ ಜೊತೆ ಕೆಲಸ ಮಾಡುತ್ತಿದ್ದವಳು ಪುರಾತತ್ತ್ವಜ್ಞೆ ಇಂದುಮತಿ ಕೆರೂರ. ಅವನು ಯಂತ್ರ ನಡೆಸುವವನು, ಅವಳು ಅದು ಕೊಟ್ಟ ಚಿತ್ರಗಳಿಗೆ ಅರ್ಥ ಹೇಳುವವಳು. ಇಬ್ಬರೂ ಬಾಗಲಕೋಟೆ ಜಿಲ್ಲೆಯವರು, ಇಬ್ಬರ ಊರುಗಳ ನಡುವೆ ಒಂದು ಹಳ್ಳ ಮತ್ತು ಎರಡು ಬಸ್ ನಿಲ್ದಾಣ. ಪರದೇಶದಲ್ಲಿ ಜೋಳದ ರೊಟ್ಟಿಯ ನೆನಪು ತೆಗೆದು ನಿಟ್ಟುಸಿರು ಬಿಡುವುದಕ್ಕೆ ಜೊತೆ ಸಿಕ್ಕಿತೆಂದು ಇಂದುಮತಿಗೆ ಸಂತೋಷವಾಗಿತ್ತು. ತನ್ನಷ್ಟು ಉದಾರ ಮನಸ್ಸಿನವಳಿಗೆ ಹಳ್ಳದ ಆಚೆ ಈಚೆ ಎಲ್ಲ ಒಂದೇ ಎಂದು ಅವಳು ನಂಬಿದ್ದಳು.

*

ತಾಲ್-ಹಮ್ರಿ ಎಂಬಲ್ಲಿ ಹೊಲದ ಕೆಂಪು ಮಣ್ಣಿನಡಿ ಹೊಸದಾಗಿ ಪತ್ತೆಯಾಗಿದ್ದ ಕಲ್ಲಿನ ಗುಡಿಯೇ ಅವರ ಕೆಲಸದ ಜಾಗ. ಐದು ಸಾವಿರ ವರ್ಷಗಳ ಹಿಂದೆ, ಪಿರಮಿಡ್ಡುಗಳಿಗಿಂತ ಮೊದಲೇ, ಲೋಹ ಕಾಣದ ಜನ ಆನೆಗಾತ್ರದ ಬಂಡೆಗಳನ್ನು ನಿಲ್ಲಿಸಿ ಆ ದ್ವೀಪಗಳಲ್ಲಿ ಗುಡಿ ಕಟ್ಟಿದ್ದರು. ಯಾವ ದೇವರಿಗೆ, ಯಾವ ಪೂಜೆಗೆ, ಕೊನೆಗೆ ಕಟ್ಟಿದವರು ಎಲ್ಲಿ ಹೋದರು, ಒಂದೂ ಗೊತ್ತಿಲ್ಲ. ಗೋಡೆಗಳಲ್ಲಿ ಒಂದು ಅಂಗೈ ತೂರುವಷ್ಟು ಕಿಂಡಿಗಳಿರುತ್ತವೆ. ಒಳಗಿಂದ ಪೂಜಾರಿ ದೈವವಾಣಿ ನುಡಿಯುತ್ತಿದ್ದನೆಂದು ಕೆಲವರು, ಕಾಣಿಕೆ ಹಾಕುತ್ತಿದ್ದರೆಂದು ಕೆಲವರು, ಗೊತ್ತಿಲ್ಲವೆಂದು ಬಲ್ಲವರು.

ಮಣ್ಣಿನಡಿ ಹೂತಿದ್ದ ಗುಡಿಗೆ ಮತ್ತೆ ಬಿಸಿಲು ತಾಗಿದರೆ ನೆರಳೆಲ್ಲ ಅಳಿಸಿಹೋಗುತ್ತದೆ. ಅದಕ್ಕೇ ಇಡೀ ಜಾಗಕ್ಕೆ ಕಪ್ಪು ಡೇರೆ ಹೊದಿಸಿ, ಮಂದ ಕೆಂಪು ದೀಪದಲ್ಲಿ ಅಗೆಯುತ್ತಿದ್ದರು. ಪಕ್ಕದಲ್ಲಿ ತಗಡಿನ ಕಂಟೇನರೊಂದು ನಿಯಂತ್ರಣ ಕೊಠಡಿ. ಒಳಗೆ ಮೂರು ಪರದೆ, ಒಂದು ಫ್ಯಾನು, ಮತ್ತು ಯೋಜನೆಯ ಮುಖ್ಯಸ್ಥೆ ಡೋರಿಸ್ ವೆಲ್ಲಾ. ಆ ದ್ವೀಪದಲ್ಲೇ ಹುಟ್ಟಿದ, ಅಗಲ ಅಂಚಿನ ಹುಲ್ಲುಟೋಪಿಯನ್ನು ಒಳಗೂ ತೆಗೆಯದ ಹೆಂಗಸು.

ಅಂಗಳದ ಹಾಸುಗಲ್ಲುಗಳ ಚಿತ್ರ ಪರದೆಯ ಮೇಲೆ ಕೂಡಿಬಂದ ದಿನ ಮೂವರೂ ಉಸಿರು ಹಿಡಿದು ಕೂತರು. ಬಾಗಿಲ ಎದುರು ಬೆಳಗಿನ ನೆರಳುಗಳು ಗುಂಪುಗುಂಪಾಗಿ ಮೂಡಿದವು. ತಲೆಮಾರುಗಳ ಕಾಲ ಅಲ್ಲಿ ನಿಂತವರ ನೆರಳುಗಳು ಒಂದರ ಮೇಲೊಂದು ಬಿದ್ದು, ಉದ್ದವಾಗಿ ಹೊಸ್ತಿಲು ದಾಟಿ, ಗರ್ಭಗುಡಿಯ ಕಲ್ಲಿನವರೆಗೆ ಹೋಗಿದ್ದವು. ಡೋರಿಸ್ ಕಣ್ಣೊರೆಸಿಕೊಂಡಳು. ತನ್ನ ನೆಲದ ಹಿರಿಯರನ್ನು ಮೊದಲ ಸಲ ಕಂಡಿದ್ದಳು.

ಅಂಗಳದ ತುದಿಯಲ್ಲಿ ಇನ್ನೊಂದು ಗುಂಪಿತ್ತು. ಈ ನೆರಳುಗಳೆಲ್ಲ ಗಿಡ್ಡ, ಕಾಲ ಬುಡದಲ್ಲೇ ಮುದುಡಿದವು. ಅಂದರೆ ಇವರು ಬರುತ್ತಿದ್ದದ್ದು ನಡುಮಧ್ಯಾಹ್ನ ಮಾತ್ರ. ಬೆಳಿಗ್ಗೆ ಅಥವಾ ಸಂಜೆ ಒಬ್ಬರೂ ಇಲ್ಲ. ಅವರಿಗೂ ಬಾಗಿಲಿಗೂ ನಡುವೆ ಅಗಲವಾದ ಪಟ್ಟಿಯೊಂದು ಶುದ್ಧ ಖಾಲಿಯಾಗಿತ್ತು. ಅಷ್ಟು ವರ್ಷಗಳಲ್ಲಿ ಅವರಲ್ಲಿ ಯಾರ ನೆರಳೂ ಆ ಪಟ್ಟಿಯ ಮೇಲೆ ಬಿದ್ದಿರಲಿಲ್ಲ. ಅವರು ನಿಂತ ಕಡೆಯ ಗೋಡೆಯಲ್ಲಿ ಒಂದು ಕಿಂಡಿ, ಕಿಂಡಿಯ ಕೆಳಗೊಂದು ಕಲ್ಲಿನ ಕಟ್ಟೆ, ಕಟ್ಟೆಯ ಮೇಲೆ ದುಂಡನೆಯ ಗುರುತೊಂದು.

"ಸೂರ್ಯ ನೆತ್ತಿಗೆ ಬಂದಾಗ ಪೂಜೆ ಮಾಡುವವರು," ಎಂದಳು ಡೋರಿಸ್. "ಎಲ್ಲರಿಗಿಂತ ದೊಡ್ಡವರು. ಅದಕ್ಕೇ ಜನ ಅವರಿಂದ ದೂರ ನಿಂತಿದ್ದಾರೆ. ಮಧ್ಯಾಹ್ನದ ಪುರೋಹಿತರು."

ಇಂದುಮತಿ ಆ ಖಾಲಿ ಪಟ್ಟಿಯನ್ನು ಪರದೆಯ ಮೇಲೆ ಬೆರಳಿನಿಂದ ಅಳೆದಳು. ಬೆಳಿಗ್ಗೆ ಸಂಜೆ ನೆರಳು ಉದ್ದ, ಮಧ್ಯಾಹ್ನ ಗಿಡ್ಡ. ಉದ್ದ ನೆರಳಿನ ಹೊತ್ತಿನಲ್ಲಿ ಬರಕೂಡದವರು ಯಾರು ಎಂಬುದನ್ನು ಅವಳು ಎಲ್ಲಿಯೂ ಓದಿ ತಿಳಿಯಬೇಕಾಗಿರಲಿಲ್ಲ. ನೆರಳು ಸೋಕಿದರೂ ಮೈಲಿಗೆ ಎನ್ನುವ ಮಾತು ಅವಳ ಅಜ್ಜಿಯ ಬಾಯಲ್ಲಿ ಇತ್ತು, ಅದೂ ಬೈಗುಳದ ಹಾಗಲ್ಲ, ಹಾಲು ಕೆಡುತ್ತದೆ ಮುಚ್ಚಿಡು ಎನ್ನುವ ಹಾಗೆ. ಅವಳು ದುರ್ಗೇಶನತ್ತ ನೋಡಿದಳು. ಅವನು ಪರದೆಯಿಂದ ಕಣ್ಣು ಕೀಳಲಿಲ್ಲ.

"ನಿಮಗೇನನಸ್ತದರಿ?" ಎಂದು ಕನ್ನಡದಲ್ಲಿ ಕೇಳಿದಳು.

"ಅರ್ಥ ಹೇಳೂದು ನಿಮ್ಮ ಕೆಲಸ ಅಲ್ರೀ ಅಕ್ಕಾರ," ಎಂದ ಅವನು. "ನಾ ಬರೇ ನೆರಳು ತಗಿಯಾಂವ."

ಅವಳು ಬಾಯಿ ತೆರೆಯಲಿಲ್ಲ. ಹೇಳಿದರೆ ನಿನಗೆ ಹೇಗೆ ಗೊತ್ತು ಎಂದು ಡೋರಿಸ್ ಕೇಳುತ್ತಾಳೆ. ಆ ಪ್ರಶ್ನೆಗೆ ಅವನ ಎದುರು ಉತ್ತರ ಕೊಡಬೇಕಾಗುತ್ತದೆ. ಸಂಜೆಯೊಳಗೆ ಮಧ್ಯಾಹ್ನದ ಪುರೋಹಿತರ ಸುದ್ದಿ ದ್ವೀಪವೆಲ್ಲ ಹಬ್ಬಿತು. ಒಂದು ಬೇಕರಿಯವನು ಆ ಹೆಸರಿನ ರೊಟ್ಟಿಯನ್ನೂ ಮಾರಾಟಕ್ಕಿಟ್ಟ.

*

ಸುದ್ದಿಯ ಜೊತೆ ಇನ್ನೊಂದು ತಿಳಿವಳಿಕೆಯೂ ಹಬ್ಬಿತು. ದ್ವೀಪದ ಮನೆಗಳೆಲ್ಲ ಗುಡಿಯ ಜಾತಿಯ ಕಲ್ಲಿನವೇ. ಗೋಡೆಗೆ ಕಿವಿಯುಂಟು ಎಂದು ನಂಬಿ ಪಿಸುಮಾತಿನಲ್ಲಿ ಬಾಳುತ್ತಿದ್ದವರಿಗೆ ಗೋಡೆಗೆ ಕಣ್ಣೂ ಉಂಟೆಂದು ತಿಳಿದರೆ ಏನಾಗಬೇಡ? ಅಂಗಡಿಗಳಲ್ಲಿ ಸುಣ್ಣಬಣ್ಣ ಮುಗಿದುಹೋಯಿತು. ಇಂದುಮತಿಯ ಮನೆಯೊಡತಿ, ವಿಧವೆ ಕಾರ್ಮೆನಾ, ತನ್ನ ಹಿತ್ತಲ ಗೋಡೆಗೆ ಕಂಬಳಿ ಹೊದಿಸಿದಳು. ಯಾಕೆಂದು ಕೇಳಿದರೆ ಗೋಡೆಗೆ ಚಳಿಯಾಗುತ್ತದೆ ಎಂದಳು. ಅದು ಆಗಸ್ಟ್ ತಿಂಗಳು.

ಇಂದುಮತಿಯ ಮನೆಯಲ್ಲಿ ಇಂಥ ಭಯವಿರಲಿಲ್ಲ. ತಾಯಿ ತೀರಿಕೊಂಡ ಮೇಲೆ ತಂದೆ ಗುರುಲಿಂಗಪ್ಪ ಕೆರೂರರನ್ನು ಅವಳು ತನ್ನ ಬಳಿಗೆ ಕರೆಸಿಕೊಂಡಿದ್ದಳು. ನಿವೃತ್ತ ಮುಖ್ಯೋಪಾಧ್ಯಾಯರು, ಎಲ್ಲರ ಬಾಯಲ್ಲೂ ಮಾಸ್ತರು. ಜಿಲ್ಲೆಯಲ್ಲಿ ಯಾವ ಜಯಂತಿಯಾದರೂ ಮನುಷ್ಯರೆಲ್ಲ ಒಂದೇ ಎಂದು ಭಾಷಣ ಮಾಡುವುದಕ್ಕೆ ಅವರೇ ಬೇಕಾಗಿತ್ತು. ಕೇಳಿದವರ ಕಣ್ಣು ಒದ್ದೆಯಾಗುತ್ತಿತ್ತು, ಅವರ ಕಣ್ಣೂ ಕೂಡ.

ಪ್ರತಿ ಭಾನುವಾರ ದುರ್ಗೇಶ ಅವರನ್ನು ನೋಡಲು ಬರುತ್ತಿದ್ದ. ಅಂಗಳದ ಗೇಟಿನ ಪಕ್ಕ ಒಂದು ಕಲ್ಲುಕಟ್ಟೆಯಿತ್ತು. ಅವನು ಅಲ್ಲಿ ಕೂರುತ್ತಿದ್ದ, ಮಾಸ್ತರು ತಮ್ಮ ಕುರ್ಚಿಯನ್ನು ಅವನ ಎದುರಿಗೆ ಎಳೆದುಕೊಳ್ಳುತ್ತಿದ್ದರು.

"ಬಾರೋ ತಮ್ಮಾ, ಕುಂದರು. ಇಲ್ಲೆ ಗಾಳಿ ಛಲೋ ಐತಿ," ಎನ್ನುತ್ತಿದ್ದರು.

"ಹೌದ್ರಿ ಮಾಸ್ತರ," ಎನ್ನುತ್ತಿದ್ದ ದುರ್ಗೇಶ.

ಆಮೇಲೆ ಮಳೆ, ಬೆಳೆ, ರಾಜಕೀಯ, ನಕ್ಷತ್ರ, ಏನೆಲ್ಲ. ಮಾಸ್ತರು ತಾವೇ ಚಹಾ ಮಾಡಿ ತರುತ್ತಿದ್ದರು, ಮಗಳಿಗೂ ಬಿಡುತ್ತಿರಲಿಲ್ಲ. ಅಪ್ಪನಿಗೆ ಎಷ್ಟೊಂದು ಪ್ರೀತಿ ಎಂದು ಒಳಗಿನಿಂದ ನೋಡಿ ಅವಳು ಹಿಗ್ಗುತ್ತಿದ್ದಳು. ಕಟ್ಟೆಯ ಮೂಲೆಯಲ್ಲಿ ಒಂದು ಸ್ಟೀಲ್ ಲೋಟ ಯಾವಾಗಲೂ ಬೋರಲಾಗಿ ಇರುತ್ತಿತ್ತು. ಗಿಡಕ್ಕೆ ನೀರು ಹಾಕುವುದಿರಬೇಕೆಂದು ಅವಳು ಅಂದುಕೊಂಡಿದ್ದಳು. ಅಂದುಕೊಳ್ಳುವುದಕ್ಕೆ ಹೆಚ್ಚು ಶ್ರಮವೇನೂ ಬೇಕಾಗಿರಲಿಲ್ಲ.

*

ಗುಡಿಯ ಶೋಧವನ್ನು ಲೋಕಕ್ಕೆ ಸಾರುವ ಮೊದಲು ಯಂತ್ರ ಸುಳ್ಳು ಹೇಳುವುದಿಲ್ಲ ಎಂದು ತೋರಿಸಬೇಕಾಗಿತ್ತು. ಅದೇ ಜಾತಿಯ ಕಲ್ಲು ಬೇಕು, ಅಲ್ಲಿ ಯಾರು ಯಾವಾಗ ಬಂದು ಹೋದರೆಂಬುದು ಮೊದಲೇ ತಿಳಿದಿರಬೇಕು. ಆಗ ಯಂತ್ರ ಕೊಟ್ಟ ಚಿತ್ರವನ್ನು ತಾಳೆ ನೋಡಬಹುದು.

"ನಮ್ಮ ಮನಿ ಅಂಗಳನ ಐತೆಲ್ಲ," ಎಂದಳು ಇಂದುಮತಿ ಉತ್ಸಾಹದಿಂದ. "ನಾವು ಬರೂ ಮುಂದ ಕಾರ್ಮೆನಾ ಹೊಸಾ ಕಲ್ಲು ಹಾಕ್ಸ್ಯಾಳ. ನಮ್ಮನಿಗೆ ಬಂದವರೆಲ್ಲ ನಮಗ ಗೊತ್ತದಾರ."

ದುರ್ಗೇಶ ಕೈಯಲ್ಲಿದ್ದ ತಂತಿಯನ್ನು ಸುತ್ತುತ್ತಲೇ ಇದ್ದ. "ಬ್ಯಾರೆ ಗ್ವಾಡಿ ನೋಡೂಣ್ರಿ ಅಕ್ಕಾರ."

"ಯಾಕ?"

"ಸುಮ್ನ. ಮಾಸ್ತರಿಗೆ ತ್ರಾಸ ಆಕ್ಕೈತಿ."

"ಅವರಿಗೇನ್ರಿ ತ್ರಾಸ? ಖುಷಿಯಿಂದ ಉಪ್ಪಿಟ್ಟು ಮಾಡ್ತಾರ."

ಮಾಸ್ತರು ನಿಜವಾಗಿಯೂ ಉಪ್ಪಿಟ್ಟು ಮಾಡಿದರು. ಅಂಗಳದ ಗೋಡೆ, ಗೇಟಿನ ಕಟ್ಟೆ, ಜೊತೆಗೆ ಮುಂಬಾಗಿಲಿನಿಂದ ಬಿಸಿಲು ಬೀಳುವ ಒಳಕೋಣೆಯ ಗೋಡೆ, ಮೂರನ್ನೂ ಕಪ್ಪು ಬಟ್ಟೆ ಹೊದಿಸಿ ಯಂತ್ರ ಓದಿತು. ಕೆಲಸದ ನಡುವೆ ಒಳಕೋಣೆಗೆ ಯಂತ್ರ ಹಿಡಿದುಕೊಂಡು ಹೋದದ್ದು ಡೋರಿಸ್ ಮತ್ತು ಇಂದುಮತಿ. ದುರ್ಗೇಶ ಹೊರಗಿನಿಂದಲೇ ಹೇಗೆ ತಿರುಗಿಸಬೇಕೆಂದು ಹೇಳಿದ. ಅದನ್ನೂ ಆ ದಿನ ಇಂದುಮತಿ ಗಮನಿಸಲಿಲ್ಲ.

ಚಿತ್ರ ಬಂದಾಗ ಡೋರಿಸ್ ಚಪ್ಪಾಳೆ ತಟ್ಟಿದಳು. ಅಂಗಳದ ಗೋಡೆಯ ಮೇಲೆ ನಿಂಬೆಗಿಡದ ಕುಂಡ, ಬಟ್ಟೆ ಒಣಹಾಕುವ ಇಂದುಮತಿ, ಮಾಸ್ತರ ಕುರ್ಚಿ ಎಲ್ಲ ಕಂಡವು. ಒಳಕೋಣೆಯ ಗೋಡೆಯಲ್ಲಿ ಬಾಗಿಲಿನಿಂದ ಒಳಗೆ ಬರುವವರ ನೆರಳು. ಅಗಲ ಟೋಪಿಯದು ಡೋರಿಸ್, ಗೂನುಬೆನ್ನಿನದು ಕಾರ್ಮೆನಾ. ನಲ್ಲಿ ರಿಪೇರಿಗೆ ಪದೇ ಪದೇ ಬಂದು ಪ್ರತಿಸಲ ಇನ್ನೊಂದನ್ನು ಕೆಡಿಸಿ ಹೋಗುತ್ತಿದ್ದ ಆಳಿನ ನೆರಳು ಕೂಡ ಚೀಲದ ಸಮೇತ ಇತ್ತು.

ಡೋರಿಸ್ ಗೇಟಿನ ಕಡೆಯ ಚಿತ್ರವನ್ನು ದೊಡ್ಡದು ಮಾಡಿದಳು. ಕಟ್ಟೆಯ ಮೇಲೆ ಕೂತ ಗಂಡಸಿನ ನೆರಳು, ಮೊಣಕಾಲು ಕೂಡಿಸಿ, ತುಸು ಬಾಗಿ. ಉಳಿದವರ ನೆರಳುಗಳೆಲ್ಲ ಅಲುಗಾಡಿ ಮಸುಕಾಗಿದ್ದವು. ಇವನದು ಗೆರೆ ಕೊರೆದಂತೆ ಸ್ಪಷ್ಟವಾಗಿತ್ತು, ಯಾಕೆಂದರೆ ಇವನು ಒಂದು ದಿನವೂ ಜಾಗ ಬದಲಿಸಿರಲಿಲ್ಲ.

"ಇದು ದುರ್ಗೇಶ್ ಅಲ್ಲವೇ?" ಎಂದಳು ಡೋರಿಸ್ ನಗುತ್ತ. ಆಮೇಲೆ ಒಳಕೋಣೆಯ ಚಿತ್ರವನ್ನು ಮತ್ತೆ ತೆಗೆದು ಹುಡುಕಿದಳು. "ಒಳಗೆ ನೀನು ಎಲ್ಲೂ ಇಲ್ಲ. ನಲ್ಲಿಯವನೂ ಇದ್ದಾನೆ. ನೀನು ಒಳಗೆ ಹೋಗಲೇ ಇಲ್ಲವೇ?"

ದುರ್ಗೇಶ ಫ್ಯಾನಿನ ಮುಖವನ್ನು ತುಸು ತಿರುಗಿಸಿದ.

"ಅಲ್ಲಿ ಗಾಳಿ ಚೆನ್ನಾಗಿರುತ್ತದೆ," ಎಂದು ದುರ್ಗೇಶ ಇಂಗ್ಲಿಷಿನಲ್ಲಿ ಹೇಳಿ ನಕ್ಕ.

ಆ ನಗುವನ್ನು ಕೇಳಿ ಇಂದುಮತಿಗೆ ನೆಲ ಬಾಯಿಬಿಡಬಾರದೇ ಅನಿಸಿತು. ಅವನು ಅವಳನ್ನು ಕಾಪಾಡುತ್ತಿದ್ದ. ಅವಳ ತಂದೆಯ ಮಾತನ್ನೇ ಎತ್ತಿಕೊಂಡು ಅವಳ ಮನೆಯ ಮಾನ ಮುಚ್ಚುತ್ತಿದ್ದ. ಡೋರಿಸ್ ಅಷ್ಟಕ್ಕೆ ಬಿಡದೆ ಕಟ್ಟೆಯ ಮೂಲೆಯನ್ನು ಬೆರಳಿನಿಂದ ತೋರಿಸಿದಳು. ಅಲ್ಲಿ ದುಂಡನೆಯ ಗುರುತೊಂದಿತ್ತು. ಗುಡಿಯ ಕಿಂಡಿಯ ಕೆಳಗಿದ್ದಂಥದೇ.

"ಇದೇನು?" ಎಂದು ಕೇಳಿದಳು.

ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಎನ್ನುತ್ತಾರೆ. ಇಂದುಮತಿಗೆ ಕೋಟಿಗಟ್ಟಲೆ ಬೆಲೆಯ ಯಂತ್ರ ಬೇಕಾಯಿತು.

*

ಮನೆಗೆ ಬಂದವಳೇ ಕಟ್ಟೆಯ ಮೇಲಿನ ಲೋಟ ಎತ್ತಿಕೊಂಡು ತಂದೆಯ ಎದುರು ನಿಂತಳು. ಮಾಸ್ತರು ಬೀನ್ಸಿನ ನಾರು ತೆಗೆಯುತ್ತಿದ್ದರು.

"ಅಪ್ಪಾ, ಇದು ಯಾರ್ದು?"

"ದುರ್ಗೇಶಂದು," ಎಂದರು ಅವರು, ತಲೆ ಎತ್ತದೆ. "ಅವಂಗಂತನ ತಗದಿಟ್ಟೇನಿ. ಕುಡದು ತೊಳದು ಇಡ್ತಾನ ಪಾಪ. ಬಾಳ ಸ್ವಚ್ಛ ಹುಡುಗ."

"ಅವಂಗ ಒಳಗ ಬಾ ಅಂತ ಯಾಕ ಅನ್ನಲಿಲ್ಲ?"

"ನಾ ಒಂದಿನಾನೂ ಬರಬ್ಯಾಡ ಅಂದಿಲ್ಲವಾ."

"ಬಾ ಅಂದೀಯೇನು?"

ಮಾಸ್ತರ ಕೈ ನಿಂತಿತು. ಕಿಟಕಿಯಾಚೆ ಕಾರ್ಮೆನಾ ಕಂಬಳಿ ಸರಿಮಾಡುತ್ತಿದ್ದಳು. "ಅವಾ ತಾನ ಅಲ್ಲೆ ಕುಂತ. ಮೊದಲ್ನೇ ದಿನಾನ. ನಾ ಅಡ್ಡಹೆಸರು ಕೇಳಿದೆ, ಅವ ಹೇಳಿದ, ಅಲ್ಲೆ ಕುಂತ. ಅವಂಗೂ ಗೊತ್ತದ, ನನಗೂ ಗೊತ್ತದ. ಅದನ್ನ ಬಾಯಿಬಿಟ್ಟು ಯಾಕ ಆಡಬೇಕು? ಪ್ರೀತಿಲೆ ಇದ್ದೇವಿ."

"ಮನುಷ್ಯರೆಲ್ಲ ಒಂದ ಅಂತ ಅಷ್ಟು ಭಾಷಣಾ ಮಾಡಿದ್ಯಲ್ಲಪ್ಪಾ."

"ಮಾಡೇನಿ. ಮನಸಿನಿಂದನ ಮಾಡೇನಿ." ಅವರು ಈಗ ಮಗಳ ಮುಖ ನೋಡಿದರು. ಅವರಿಗೆ ಸಿಟ್ಟು ಬಂದಿರಲಿಲ್ಲ, ನಿಜವಾಗಿ ತಿಳಿದುಕೊಳ್ಳಬೇಕೆಂಬಂತೆ ಕೇಳಿದರು. "ನೀ ಕರದಿಯೇನು?"

ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ ಎಂಬ ಗಾದೆಯನ್ನು ತಂದೆಗೆಂದು ನಾಲಿಗೆಯ ತುದಿಯಲ್ಲಿ ಇಟ್ಟುಕೊಂಡು ಬಂದಿದ್ದಳು. ಅದನ್ನು ಈಗ ತಾನೇ ನುಂಗಿದಳು. ಇಷ್ಟು ಭಾನುವಾರಗಳಲ್ಲಿ ಒಂದು ಸಲವೂ ಅವಳು ಬಾಗಿಲಿಗೆ ಬಂದು ಒಳಗೆ ಬನ್ನಿ ಎಂದಿರಲಿಲ್ಲ. ಬರಬಾರದೆಂದೇನೂ ಅವಳು ಅಂದುಕೊಂಡಿರಲಿಲ್ಲ. ಅವನು ಹೊರಗೆ ಕೂತಿದ್ದು ಅವಳಿಗೆ ಸರಿಯಾಗಿ ಕೂತ ಹಾಗೆ ಕಂಡಿತ್ತು, ಅಷ್ಟೇ. ನಾಚಿಕೆ ಎಂದರೆ ಮುಖ ಕೆಂಪಾಗುವುದು ಎಂದು ಅವಳು ತಿಳಿದಿದ್ದಳು. ಅದು ಅಂಗಾಲಿನಿಂದ ಏರುತ್ತದೆ ಎಂದು ಅಂದು ಗೊತ್ತಾಯಿತು.

*

ಮರುದಿನ ಕಂಟೇನರಿನಲ್ಲಿ ದುರ್ಗೇಶ ಅವಳ ಮೇಜಿನ ಮೇಲೆ ಚಿತ್ರವೊಂದನ್ನು ಇಟ್ಟ. ಅವಳ ಅಂಗಳದ್ದೇ. ನಿಂಬೆಗಿಡ, ಕುರ್ಚಿ, ಬಟ್ಟೆ ಒಣಹಾಕುವ ಹೆಂಗಸು ಎಲ್ಲ ಇದ್ದರು. ಗೇಟಿನ ಕಡೆ ಇರಲಿಲ್ಲ.

"ಈ ತುದಿ ತಗದೇನ್ರಿ ಅಕ್ಕಾರ. ಯಂತ್ರ ಖರೇ ಹೇಳತೈತಿ ಅಂತ ತೋರ್ಸಾಕ ಇಷ್ಟ ಸಾಕು."

ತನ್ನನ್ನು ತಾನೇ ಕತ್ತರಿಸಿ ತೆಗೆದು ತಂದಿದ್ದ. ಇಂದುಮತಿ ಚಿತ್ರವನ್ನು ಅವನತ್ತ ಮರಳಿ ಸರಿಸಿದಳು.

"ಬ್ಯಾಡ್ರಿ. ಪೂರಾ ಚಿತ್ರ ತೋರಸ್ತೇನಿ. ಗುಡಿದು, ನಮ್ಮನಿದು, ಎರಡೂ ಬಾಜೂಕ ಇಟ್ಟು, ಅವರು ಪುರೋಹಿತರಲ್ಲ ಅಂತ ಎಲ್ಲರ ಮುಂದ ಹೇಳಿಬಿಡ್ತೇನಿ. ನನಗ ನಾಚಿಕಿ ಆಗೇದ್ರಿ ದುರ್ಗೇಶ. ನಿದ್ದಿ ಬಂದಿಲ್ಲ."

ಅವನು ಕುರ್ಚಿ ಎಳೆದು ಕೂತ. ಮೊದಲ ಸಲ ಅವನ ದನಿಯಲ್ಲಿ ಬಿಸಿಯಿತ್ತು.

"ನಾಚಿಕಿ ನಿಮ್ಮದ್ರಿ. ನೆರಳು ನಂದು. ನಿಮ್ಮ ನಾಚಿಕಿ ಹಗುರ ಆಗಬೇಕಂತ ನನ್ನ ನೆರಳು ನಾಕು ಮಂದಿ ಮುಂದ ಹರವೂದೇನು? ನಾಳೆ ಪೇಪರಿನ್ಯಾಗ ನಿಮ್ಮನ್ನ ಧೈರ್ಯಸ್ಥೆ ಅಂತಾರ. ನನ್ನ ಏನಂತಾರ? ಇಷ್ಟು ಓದಿ, ಯಂತ್ರ ಕಟ್ಟಿ, ಗೇಟಿನಾಗ ಕುಂತಾಂವ ಅಂತಾರ."

ತಪ್ಪು ಒಪ್ಪಿಕೊಳ್ಳುವುದರಲ್ಲೂ ಅವಳು ತಾನೇ ಮುಂದೆ ನಿಲ್ಲಲು ಹೊರಟಿದ್ದಳು.

"ಹಂಗಾದ್ರ ಯಾಕ ಕುಂತ್ರಿ?" ಎಂದು ಕೊನೆಗೆ ಮೆಲ್ಲಗೆ ಕೇಳಿದಳು. "ನೀವು ಒಳಗ ಬಂದಿದ್ರ ನಮ್ಮಪ್ಪ ಏನೂ ಅಂತಿರಲಿಲ್ಲ."

"ಅಂತಿರಲಿಲ್ರಿ. ಎದ್ದು ಜಳಕಾ ಮಾಡ್ತಿದ್ರು." ಅವನು ನಕ್ಕ, ಈ ಸಲ ನಿಜವಾದ ನಗು. "ನಂಗ ಅವರ ಮಾತು ಬೇಕಾಗಿತ್ರಿ. ಇಲ್ಲೆ ನಮ್ಮ ಭಾಷಾ ಆಡಾವರು ಯಾರದಾರ? ಮಾತಿಗಾಗಿ ಲೋಟ ಸಹಿಸಿದೆ. ಅದು ನನಗೂ ನಾಚಿಕೀನ."

ಹೊರಗೆ ಡೇರೆಯ ಬಟ್ಟೆ ಪಟಪಟ ಬಡಿಯುತ್ತಿತ್ತು. ದುರ್ಗೇಶ ಪರದೆಯ ಮೇಲೆ ಗುಡಿಯ ಅಂಗಳವನ್ನು ತೆರೆದು, ಆ ಗಿಡ್ಡ ನೆರಳುಗಳನ್ನು ಬಹಳ ಹೊತ್ತು ನೋಡಿದ.

"ಇವ್ರನ್ನ ಪುರೋಹಿತರು ಅಂತ ಕರದ್ರ ನನಗ ಸಹಿಸಾಕ ಆಗೂದಿಲ್ರಿ," ಎಂದ. "ಬಿಸಲಾಗ ನಿಂತ ಮಂದಿಗೆ ಕಿರೀಟ ಹಾಕಿ ನಿಲ್ಲಿಸಿದಂಗ ಆಕ್ಕೈತಿ. ಇವ್ರ ಪರವಾಗಿ ಹೇಳಾಕ ಯಾರೂ ಇಲ್ಲ. ತೋರಸೂಣು. ಆದ್ರ ನಾ ತೋರಸ್ತೇನಿ. ಇದು ಯಾರ ಮನಿ ಅಂತ ನೀವು ಹೇಳ್ರಿ."

*

ಶೋಧ ಸಾರುವ ಸಭೆ ದ್ವೀಪದ ಹಳೆಯ ಸಭಾಂಗಣದಲ್ಲಿ ನಡೆಯಿತು. ಮುಂದಿನ ಸಾಲಿನಲ್ಲಿ ಮಾಸ್ತರು ಕೋಟು ತೊಟ್ಟು ಕೂತಿದ್ದರು. ತಾನು ಏನು ಹೇಳಲಿದ್ದೇನೆಂದು ಮಗಳು ಅವರಿಗೆ ತಿಳಿಸಿದ್ದಳು. ಮನೆಯಲ್ಲೇ ಇರು ಎಂದರೂ ಅವರು ಬಂದಿದ್ದರು.

ದುರ್ಗೇಶ ಎರಡು ಚಿತ್ರಗಳನ್ನು ಅಕ್ಕಪಕ್ಕದಲ್ಲಿ ಇಟ್ಟ. ಒಂದರಲ್ಲಿ ಖಾಲಿ ಪಟ್ಟಿಯ ಆಚೆ ನಿಂತವರು, ಕಿಂಡಿಯ ಕೆಳಗೆ ದುಂಡನೆಯ ಗುರುತು. ಇನ್ನೊಂದರಲ್ಲಿ ಗೇಟಿನ ಪಕ್ಕ ಕೂತವನು, ಕಟ್ಟೆಯ ಮೂಲೆಯಲ್ಲಿ ದುಂಡನೆಯ ಗುರುತು.

"ಈ ಎರಡನೆಯವನು ನಾನು," ಎಂದ. "ಆ ಗುರುತು ನನ್ನ ಲೋಟ. ಅದು ಮನೆಯೊಳಗೆ ಹೋಗುವುದಿಲ್ಲ. ಗುಡಿಯಲ್ಲಿ ಅದೇ ಗಾತ್ರದ ಮಡಕೆಯೊಂದು ಹೊರಗೇ ಇರುತ್ತಿತ್ತು. ಒಳಗಿನವರು ಕಿಂಡಿಯಿಂದ ಅದಕ್ಕೆ ಸುರಿಯುತ್ತಿದ್ದಿರಬೇಕು, ಮುಟ್ಟದೆ."

ಇಂದುಮತಿ ಎದ್ದು ನಿಂತಳು.

"ಈ ಮನೆ ನನ್ನದು," ಎಂದಳು. "ಉದ್ದ ನೆರಳು ಬೀಳುವ ಹೊತ್ತಿನಲ್ಲಿ ಬರಬಾರದು ಎಂದು ನಮ್ಮ ಸೀಮೆಯಲ್ಲಿ ಕೆಲವು ಮನುಷ್ಯರಿಗೆ ಹೇಳುತ್ತಿದ್ದ ಕಾಲವಿತ್ತು. ಗುಡಿಯ ಚಿತ್ರ ನೋಡಿದ ಕೂಡಲೇ ನನಗೆ ಅರ್ಥವಾಗಿತ್ತು. ಹೇಳಲು ನಾಚಿಕೆಯಾಗಿ ಸುಮ್ಮನಿದ್ದೆ. ಅಷ್ಟರಲ್ಲಿ ನೀವು ಅವರನ್ನು ಪುರೋಹಿತರನ್ನಾಗಿ ಮಾಡಿದಿರಿ."

"ಇದು ಪುರಾವೆಯೋ, ನಿಮ್ಮ ಊಹೆಯೋ?" ಎಂದು ಪತ್ರಕರ್ತನೊಬ್ಬ ಕೇಳಿದ.

"ಐದು ಸಾವಿರ ವರ್ಷದ ಹಿಂದಿನವರ ಮನಸ್ಸಿನಲ್ಲಿ ಏನಿತ್ತೋ ನನಗೆ ಗೊತ್ತಿಲ್ಲ. ಇಂಥ ನೆರಳು ಬೀಳಬೇಕಾದರೆ ಒಳಗಿರುವವರು ಎಷ್ಟು ಒಳ್ಳೆಯವರಾಗಿ, ಎಷ್ಟು ನಗುನಗುತ್ತ ಇರಬಹುದು ಎಂಬುದು ಗೊತ್ತಿದೆ."

ಡೋರಿಸ್ ತಲೆಯ ಮೇಲಿನ ಟೋಪಿ ತೆಗೆದು ತೊಡೆಯ ಮೇಲೆ ಇಟ್ಟುಕೊಂಡಳು. ತನ್ನ ಹಿರಿಯರನ್ನು ಕಂಡು ಅತ್ತಿದ್ದವಳು ಈಗ ಅವರಲ್ಲಿ ತಾನು ಯಾವ ಕಡೆಯವಳೆಂದು ತಿಳಿಯದೆ ಕೂತಿದ್ದಳು. ಸಭೆ ಮುಗಿದು, ಬಾಗಿಲ ಬಳಿ ದುರ್ಗೇಶ ವಸ್ತುಗಳನ್ನು ಚೀಲಕ್ಕೆ ತುಂಬುತ್ತಿದ್ದಾಗ ಮಾಸ್ತರು ಮೆಲ್ಲಗೆ ಅವನ ಹತ್ತಿರ ಹೋದರು.

"ತಮ್ಮಾ, ರವಿವಾರ ಮನಿಗೆ ಬಾ. ಒಳಗ ಬಾ," ಎಂದರು.

ದುರ್ಗೇಶ ಚೀಲದ ಜಿಪ್ ಎಳೆದ. "ಈ ರವಿವಾರ ನೀವ ನಮ್ಮ ಖೋಲಿಗೆ ಬರ್ರಿ ಮಾಸ್ತರ. ನನ್ನ ಕೈಲೆ ರೊಟ್ಟಿ ಮಾಡಿ ಹಾಕ್ತೇನಿ. ನಮ್ಮವ್ವ ಕಳಿಸಿದ ಶೇಂಗಾ ಚಟ್ನಿ ಐತಿ."

"ಬರ್ತೇನಿ," ಎಂದರು ಮಾಸ್ತರು. "ಖಂಡಿತ ಬರ್ತೇನಿ."

*

ಭಾನುವಾರ ಅವರು ಬೆಳಿಗ್ಗೆಯೇ ಎದ್ದು ವಿಭೂತಿ ಧರಿಸಿ, ಇಸ್ತ್ರಿಯ ಅಂಗಿ ತೊಟ್ಟು ಸಿದ್ಧರಾದರು. ಬಸ್ಸಿನಲ್ಲಿ ಮಗಳ ಜೊತೆ ಹೆಚ್ಚು ಮಾತಾಡಲಿಲ್ಲ. ಒಂದು ಸಲ ಮಾತ್ರ, "ಹುಡುಗ ನನ್ನ ಮ್ಯಾಲ ಸಿಟ್ಟಾಗ್ಯಾನೇನು?" ಎಂದರು. ಇನ್ನೊಂದು ಸಲ, "ಹಣ್ಣು ತಗೊಂಡೇವಿಲ್ಲೋ?" ಎಂದರು. ಹಣ್ಣಿನ ಚೀಲ ಅವರ ತೊಡೆಯ ಮೇಲೇ ಇತ್ತು. ಅವರಿಗೆ ನಿಜವಾಗಿ ಹೋಗಬೇಕೆಂದಿತ್ತು. ಅದನ್ನು ಇಂದುಮತಿ ನಂಬಿದಳು, ಈ ಕಥೆ ಹೇಳುವ ನಾನೂ ನಂಬುತ್ತೇನೆ.

ದುರ್ಗೇಶನ ಕೋಣೆ ಬಂದರಿನ ಮೇಲಿನ ಓಣಿಯಲ್ಲಿ, ಬೀದಿಗೇ ಬಾಗಿಲು. ಅವರು ತಲುಪಿದಾಗ ಸೂರ್ಯ ನೆತ್ತಿಗೆ ಬಂದಿದ್ದ. ರೊಟ್ಟಿ ಬೇಯುವ ವಾಸನೆ ಬೀದಿಯವರೆಗೆ ಬಂದಿತ್ತು. ಒಳಗೆ ನೆಲದ ಮೇಲೆ ಚಾಪೆ ಹಾಸಿ ಮೂರು ತಾಟು ಇಟ್ಟಿದ್ದ.

"ಬರ್ರಿ ಅಕ್ಕಾರ, ಬರ್ರಿ ಮಾಸ್ತರ. ಒಳಗ ಬರ್ರಿ," ಎಂದ ದುರ್ಗೇಶ ಕೈ ಒರೆಸಿಕೊಳ್ಳುತ್ತ.

ಇಂದುಮತಿ ಒಳಗೆ ಹೋಗಿ ಚಾಪೆಯ ಮೇಲೆ ಕೂತಳು. ಮಾಸ್ತರು ಚಪ್ಪಲಿ ಬಿಟ್ಟರು. ಹೊಸ್ತಿಲ ಹತ್ತಿರ ಒಂದು ಕಾಲು ಎತ್ತಿದರು. ಆ ಕಾಲು ಅಲ್ಲೇ ನಿಂತಿತು, ಮತ್ತೆ ಕೆಳಗೆ ಹೋಯಿತು. ಅವರು ಬಾಗಿಲ ಚೌಕಟ್ಟು ಹಿಡಿದರು. ಹಣೆಯ ವಿಭೂತಿ ಬೆವರಿಗೆ ಕರಗಿ ಹುಬ್ಬಿನವರೆಗೆ ಇಳಿದಿತ್ತು. ಒಳಗಿದ್ದ ಇಬ್ಬರೂ ಅವರನ್ನೇ ನೋಡುತ್ತಿದ್ದರು. ಅವರ ಕಣ್ಣು ಯಾರನ್ನೂ ನೋಡಲಿಲ್ಲ, ಕಾಲ ಬುಡದಲ್ಲಿ ಮುದುಡಿ ಬಿದ್ದಿದ್ದ ತಮ್ಮದೇ ನೆರಳನ್ನು ನೋಡುತ್ತಿದ್ದವು. ಹಣ್ಣಿನ ಚೀಲವನ್ನು ಅವರು ಬಾಗಿ ಹೊಸ್ತಿಲ ಮೇಲೆ ಇಟ್ಟರು.

"ನೀವು ಉಣ್ರಿ ತಮ್ಮಾ," ಎಂದರು. "ನಾ ಇಲ್ಲೇ ಕುಂದರ್ತೇನಿ. ಇಲ್ಲೆ ಗಾಳಿ ಛಲೋ ಐತಿ."

ದುರ್ಗೇಶ ಒಂದು ಕುರ್ಚಿ ತಂದು ಹೊರಗೆ ಹಾಕಿದ. ಇಂದುಮತಿ ಮುರಿದ ರೊಟ್ಟಿಯ ತುಣುಕನ್ನು ಬಾಯಿಗಿಡಲಾರದೆ ಕೈಯಲ್ಲೇ ಹಿಡಿದುಕೊಂಡಳು. ಓಣಿಯ ಆಚೆ ದಂಡೆಯ ಅಂಜೂರದ ಮರ ಕಾಣುತ್ತಿತ್ತು. ಅದರ ಒಂದು ಎಲೆಯೂ ಅಲುಗುತ್ತಿರಲಿಲ್ಲ.